ಆ ಕೂಗು ಹಚ್ಚಿದ್ದು ನಾನಲ್ಲ

ದೆವ್ವ ಕಂಡೆ, ಜಿನ್ನ ಕಂಡೆ ಎನ್ನುವವರ ಎದುರು ನಾನು ಹೆಚ್ಚು ಹೊತ್ತು ಕೂತವಳಲ್ಲ. ಗೋಕಾಕದ ನಮ್ಮ ಓಣಿಯಲ್ಲಿ ಇಂಥ ಕಥೆಗಳಿಗೆ ಬರವಿರಲಿಲ್ಲ. ನಮ್ಮ ಅಜ್ಜಿಯ ಹತ್ತಿರವೇ ಕಾಳಿನ ಹಗೇವೊಂದು ತುಂಬುವಷ್ಟು ಇದ್ದವು. ಅವಳು ಹೇಳಲು ಶುರು ಮಾಡಿದರೆ ಸಾಕು, ನಾನು "ನೀ ನೋಡಿದಿ? ನಿನ್ನ ಕಣ್ಣಲೇ ನೋಡಿದಿ?" ಎಂದು ನಡುನಡುವೆ ಬಾಯಿ ಹಾಕಿ ಬೈಸಿಕೊಳ್ಳುತ್ತಿದ್ದೆ. ಅಪ್ಪ ಔಷಧ ಹೊಡೆಯುವ ಪಂಪುಗಳ ರಿಪೇರಿ ಮಾಡುತ್ತಿದ್ದ. ಯಂತ್ರ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಬಿಚ್ಚಿದರೆ ಸಿಗುತ್ತದೆ ಎಂಬುದನ್ನು ಅವನ ಅಂಗಡಿಯಲ್ಲಿ ಕೂತೇ ಕಲಿತೆ. ಈಗ ಬರೆಯಲು ಹೊರಟ ಸಂಗತಿಯನ್ನು ವರ್ಷಗಟ್ಟಲೆ ಬಿಚ್ಚಿ ಬಿಚ್ಚಿ ನೋಡಿದ್ದೇನೆ. ಕಾರಣ ಸಿಕ್ಕಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅದು ರಾತ್ರಿ ನಡೆದದ್ದಲ್ಲ, ಅಮಾವಾಸ್ಯೆಯೂ ಅಲ್ಲ, ಅಲ್ಲಿ ಹಾಳು ಬಾವಿಯಾಗಲಿ ಹುಣಸೆಮರವಾಗಲಿ ಇರಲಿಲ್ಲ. ನಡು ಮಧ್ಯಾಹ್ನ, ಕಣ್ಣು ಬಿಡಲಾಗದಂಥ ಬಿಸಿಲು. ಕುರಿಯವರ ನಾಯಿ ಕೂಡ ಬೊಗಳಲಿಲ್ಲ. ಇಡೀ ಹೊತ್ತು ಅದು ನನ್ನ ಗಾಡಿಯ ಕೆಳಗೆ ನೆರಳಿನಲ್ಲಿ ಮಲಗಿತ್ತು. ಕಥೆ ಕಟ್ಟುವುದಾಗಿದ್ದರೆ ಇದಕ್ಕಿಂತ ಚೆನ್ನಾಗಿ ಕಟ್ಟುತ್ತಿದ್ದೆ.

ನನ್ನ ಉದ್ಯೋಗ ಡ್ರೋನುಗಳದು. ನಾನು ಡ್ರೋನ್ ಮಾರುವುದಿಲ್ಲ. ವ್ಯಾಪಾರ ವಹಿವಾಟು ಮಾಡುವವರಿಗೆ ಅದನ್ನು ಬಳಸುವುದನ್ನು ಹೇಳಿಕೊಡುತ್ತೇನೆ. ಯಾವ ಕೆಲಸಕ್ಕೆ ಎಂಥ ಯಂತ್ರ ಬೇಕು, ಪರವಾನಗಿ ತೆಗೆಸುವುದು ಹೇಗೆ, ಹಾರಿಸುವವರನ್ನು ತಯಾರು ಮಾಡುವುದು ಹೇಗೆ, ಇವೆಲ್ಲ ನನ್ನ ಕೆಲಸ. ಎಷ್ಟೋ ಸಲ "ನಿಮಗೆ ಇದರ ಗರಜಿಲ್ಲ, ಸುಮ್ಮನಿರ್ರಿ" ಎಂದು ಹೇಳುವುದೂ ನನ್ನ ಕೆಲಸವೇ. ಮೂಡಲಗಿಯಲ್ಲಿ ಗೊಬ್ಬರ, ಔಷಧದ ಅಂಗಡಿ ಇಟ್ಟಿರುವ ದಸ್ತಗೀರಸಾಬರು ನನ್ನ ಹಳೆಯ ಗಿರಾಕಿ. ರೈತರ ಹೊಲಕ್ಕೆ ಡ್ರೋನಿನಿಂದ ಔಷಧ ಹೊಡೆಸುವ ವಹಿವಾಟನ್ನು ಅವರಿಗೆ ಕಟ್ಟಿಕೊಟ್ಟವಳು ನಾನು. ಹುಕ್ಕೇರಿ ಕಡೆ ಕಬ್ಬು ಕಡಿಸುವ ಗುತ್ತಿಗೆದಾರರಿಗೂ, ಬೆಲ್ಲದ ಬಾಗೇವಾಡಿಯ ಒಂದು ನರ್ಸರಿಗೂ ಮಾಡಿಕೊಟ್ಟಿದ್ದೇನೆ. ಬಾಗೇವಾಡಿಗೆ ಮೊದಲ ಸಲ ಹೋದಾಗ ಒಬ್ಬ ಹಿರಿಯರು ನನ್ನ ಗಾಡಿಯೊಳಗೆಲ್ಲ ಇಣುಕಿ ನೋಡಿ, "ಗಂಡಸರು ಯಾರೂ ಬಂದಿಲ್ಲೇನ್ರಿ?" ಎಂದರು. "ಮೊದ್ಲ ಈ ಡ್ರೋನು ಗಂಡೋ ಹೆಣ್ಣೋ ನೋಡಿ ಹೇಳ್ರಿ, ಆಮ್ಯಾಲ ಗಂಡಸರನ್ನ ಕರಸೂಣು" ಎಂದೆ. ಅವರು ನಕ್ಕರು. ನಾನು ನಗಲಿಲ್ಲ. ಆಮೇಲೆ ಕೆಲಸ ನನಗೇ ಸಿಕ್ಕಿತು.

ಕುಲಗೋಡದ ಕುರಿಯವರ ಕೆಲಸ ಬಂದದ್ದೂ ದಸ್ತಗೀರಸಾಬರ ಅಂಗಡಿಯಿಂದಲೇ. ಅಲ್ಲಿಗೆ ಔಷಧ ಒಯ್ಯಲು ಬಂದಿದ್ದ ಬೀರಪ್ಪ ಎಂಬವನು ನನ್ನ ಡ್ರೋನ್ ನೋಡಿ, "ಇದರ ಕಡೆಯಿಂದ ಕುರಿ ಹೊಡಸಾಕ ಬರ್ತೈತೇನ್ರಿ?" ಎಂದು ಕೇಳಿದ. ಅವರದು ಕುರಿ ಸಾಕಿ ಮಾರುವ ವ್ಯಾಪಾರ, ದೊಡ್ಡ ಹಿಂಡು. ಮೊದಲು ಎಲ್ಲಿ ನೋಡಿದರೂ ಬೀಳು ಬಿದ್ದ ಮಡ್ಡಿ, ಎಲ್ಲಿ ಬೇಕಾದರೂ ಮೇಯಿಸಬಹುದಿತ್ತು. ಈಗ ನೀರಾವರಿ ಬಂದು ಎಲ್ಲ ಕಡೆ ಕಬ್ಬು, ಗೋವಿನಜೋಳ. ಹಿಂಡು ಕಾಲುವೆ ದಂಡೆ ಹಿಡಿದೇ ಹೋಗಬೇಕು. ಹಿಂಡಿನ ತಲೆ ಒಂದು ಹೊಲದ ಹತ್ತಿರ ಇದ್ದರೆ ಬಾಲ ಇನ್ನೊಂದು ಹೊಲದ ಹತ್ತಿರ ಇರುತ್ತದೆ. ಒಂದು ಕುರಿ ಯಾರದೋ ಬೆಳೆಗೆ ಬಾಯಿ ಹಾಕಿದರೆ ಅಲ್ಲಿಗೆ ಜಗಳ. ಮೇಲಿನಿಂದ ನೋಡುವ ಕಣ್ಣು, ಮೇಲಿನಿಂದ ಕರೆಯುವ ದನಿ ಎರಡೂ ಇದ್ದರೆ ಅನುಕೂಲ ಎಂಬುದು ಅವನ ಯೋಚನೆ. ಒಳ್ಳೆಯ ಯೋಚನೆ ಎಂದೆ.

ಹಿಂಡು ಬೀರಪ್ಪನದಲ್ಲ, ಅವನ ಅಪ್ಪ ಲಗಮಪ್ಪನದು. ಅಂದರೆ ಕುರಿಗಳು ಕೇಳುತ್ತಿದ್ದುದು ಲಗಮಪ್ಪನ ಮಾತು ಮಾತ್ರ. ಆ ಮನೆತನದಲ್ಲಿ ಹಿಂಡಿನ ಯಜಮಾನನಿಗೆ ಅವನದೇ ಆದ ಒಂದು ಕೂಗು ಇರುತ್ತದೆ. ಅಪ್ಪನ ಕೂಗನ್ನು ಮಗ ತನ್ನದಾಗಿ ಮಾಡಿಕೊಳ್ಳುವಂತಿಲ್ಲ. ಲಗಮಪ್ಪನದು ನಾಲಗೆಯ ತುದಿಯಲ್ಲಿ ಹುರ್ರ್ ಎಂದು ಶುರುವಾಗಿ, ಮೇಲೇರಿ, ಕೊನೆಗೆ ಹೋ ಎಂದು ಮೆಲ್ಲಗೆ ಇಳಿಯುತ್ತಿತ್ತು. ಆ ಕೂಗು ಕೇಳಿದ ಕೂಡಲೆ ಕುರಿಗಳು ಬಾಯಲ್ಲಿದ್ದ ಹುಲ್ಲನ್ನೂ ಬಿಟ್ಟು ಬರುತ್ತಿದ್ದವು. ಅದನ್ನು ನನ್ನ ಫೋನಿನಲ್ಲಿ ಮುದ್ರಿಸಿಕೊಂಡು, ಡ್ರೋನಿಗೆ ಕಟ್ಟಿದ ಸ್ಪೀಕರಿನ ಮೆಮೊರಿ ಚಿಪ್ಪಿಗೆ ಹಾಕಿದೆ.

ಮುದುಕ ನನ್ನನ್ನು ಕಾಡಿಸಿದ್ದಕ್ಕೆ ಲೆಕ್ಕವಿಲ್ಲ. "ಯವ್ವಾ, ಇದಕ್ಕ ಮೇವ ಏನ ಹಾಕ್ತಿ? ಮರಿ ಗಿರಿ ಹಾಕ್ತೈತೋ?" ಎನ್ನುವನು. ಕುರಿಗಳಿಗೆ ಡ್ರೋನ್ ರೂಢಿ ಮಾಡಿಸಿದವನೂ ಅವನೇ. ಮೊದಲು ಅದನ್ನು ಹಟ್ಟಿಯ ನಡುವೆ ಸುಮ್ಮನೆ ನೆಲಕ್ಕಿಟ್ಟು ಸುತ್ತಲೂ ಶೇಂಗಾ ಹೊಟ್ಟು ಚೆಲ್ಲಿದ. ಅದರ ಭಯ ಹೋದ ಮೇಲೆ ರೆಕ್ಕೆ ತಿರುಗಿಸಲು ಬಿಟ್ಟ. ಹಾರಿಸಿದ್ದು ಕಡೆಗೆ. ಮೇಲಿನಿಂದ ತನ್ನದೇ ಕೂಗು ಕೇಳಿ ಕುರಿಗಳು ದಂಡೆಗೆ ತಿರುಗಿದ ದಿನ ಲಗಮಪ್ಪ ರುಮಾಲು ತೆಗೆದು ಮುಖ ಒರೆಸಿಕೊಂಡು, "ಇನ್ನ ನಾ ಸತ್ರೂ ಚಿಂತಿಲ್ಲ ಬಿಡು" ಎಂದ. ಹೆಂಡತಿ ಸತ್ತೆವ್ವ ಅವನನ್ನು ಬೈದಳು. ಹಿರಿಯರ ಬಾಯಲ್ಲಿ ಇಂಥ ಮಾತು ದಿನಾ ಬರುತ್ತವೆ. ಅದಕ್ಕೆ ನಾನು ಏನೂ ಅರ್ಥ ಹಚ್ಚುವುದಿಲ್ಲ, ನೀವೂ ಹಚ್ಚಬೇಡಿ.

ಆ ವರ್ಷವೇ ಕಾಮಾಲೆಯಾಗಿ ಲಗಮಪ್ಪ ತೀರಿಕೊಂಡ. ನಾನು ಮಣ್ಣಿಗೆ ಹೋಗಿದ್ದೆ. ಹಾಲು ತುಪ್ಪ ಹಾಕುವ ದಿನ ಸತ್ತೆವ್ವ ನನ್ನನ್ನು ಮತ್ತೆ ಕರೆಸಿದಳು. ಕುರುಬರ ಎಲ್ಲ ಮನೆಗಳಲ್ಲಿ ಹೀಗೆ ಮಾಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹಿಂಡಿನ ಯಜಮಾನ ಸತ್ತರೆ ಅವನ ಕೂಗನ್ನೂ ಮಣ್ಣಿಗೆ ಕೊಡುತ್ತಾರೆ. ಹಿರಿಯ ಮಗ ಗೋರಿಯ ಮುಂದೆ ನಿಂತು ಅದನ್ನು ಒಂದೇ ಸಲ ಕೂಗುತ್ತಾನೆ. ಅಲ್ಲಿಂದ ಮುಂದೆ ಯಾರೂ ಆ ಕೂಗು ಕೂಗುವಂತಿಲ್ಲ. ಕೂಗಿದರೆ ಸತ್ತವನು ಇನ್ನೂ ಕೆಲಸ ಮುಗಿದಿಲ್ಲವೆಂದು ಹಿಂಡಿನ ಬೆನ್ನು ಹತ್ತಿ ತಿರುಗುತ್ತಾನಂತೆ. ಬೀರಪ್ಪ ಕೂಗಿದ. ಆಮೇಲೆ ಸತ್ತೆವ್ವ ನನ್ನ ಕಡೆ ನೋಡಿ, "ನಿನ್ನ ಹಂತ್ಯಾಕೂ ಅವ್ರದೊಂದು ಕೂಗು ಐತೆಲ್ಲ, ಅದನ್ನೂ ಕೊಟ್ಟ ಬಿಡವ್ವಾ" ಎಂದಳು.

ನಾನು ಸ್ಪೀಕರಿನಿಂದ ಉಗುರಿನಷ್ಟಿದ್ದ ಆ ಚಿಪ್ಪು ತೆಗೆದು ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ಮಣ್ಣಿನಲ್ಲಿ ಹೂತು ಮೇಲೆ ಹಾಲು ಹೊಯ್ದಳು. ಸುಳ್ಳು ಯಾಕೆ ಹೇಳಲಿ, ನನಗೂ ಅಳು ಬಂತು.

ಮೂಲ ಪ್ರತಿ ನನ್ನ ಫೋನಿನಲ್ಲಿ ಹಾಗೇ ಇತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಗಿರಾಕಿಯ ಯಾವುದನ್ನೂ ಅಳಿಸದೆ ಇಟ್ಟುಕೊಳ್ಳುವುದು ನನ್ನ ಉದ್ಯೋಗದ ಮೊದಲ ಪಾಠ. ಅದರಲ್ಲಿ ತಪ್ಪೇನೂ ನನಗೆ ಆಗಲೂ ಕಂಡಿರಲಿಲ್ಲ, ಈಗಲೂ ಕಾಣುವುದಿಲ್ಲ.

ಹಿಂಡಿಗೆ ಇನ್ನು ಬೀರಪ್ಪನ ಹೊಸ ಕೂಗು ಕಲಿಸಬೇಕಾಗಿತ್ತು. ಅದು ಒಂದೆರಡು ದಿನದ ಕೆಲಸವಲ್ಲ. ಕುರಿಗಳು ಅವನ ದನಿಗೆ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಮೇಯುತ್ತಿದ್ದವು. ಹಾಗೂ ಹೀಗೂ ಕೆಲವು ವಾರ ಕಳೆದ ಮೇಲೆ, ಅವನ ಕೂಗನ್ನೂ ಮುದ್ರಿಸಿಕೊಳ್ಳೋಣವೆಂದು ಒಂದು ದಿನ ಕುಲಗೋಡಕ್ಕೆ ಹೋದೆ. ಡ್ರೋನಿನ ಪೆಟ್ಟಿಗೆ ಗಾಡಿಯಲ್ಲಿತ್ತು, ತೆಗೆದಿರಲಿಲ್ಲ. ಸ್ಪೀಕರು ನಮ್ಮ ಮನೆಯಲ್ಲೇ ಇತ್ತು. ಹಿಂಡು ಕಾಲುವೆಯ ಈಚೆ ಖಾಲಿ ಹೊಲವೊಂದರಲ್ಲಿ ಮೇಯುತ್ತಿತ್ತು. ಬೀರಪ್ಪ ಆ ತುದಿಯಲ್ಲಿದ್ದ. ನಾನೂ ಸತ್ತೆವ್ವನೂ ಈ ತುದಿಯಲ್ಲಿ, ಗಾಡಿಯ ಹತ್ತಿರ, ಅವಳು ತಂದಿದ್ದ ಮಜ್ಜಿಗೆ ಕುಡಿಯುತ್ತಾ ನಿಂತಿದ್ದೆವು.

ಆಗ ದಸ್ತಗೀರಸಾಬರ ಫೋನ್ ಬಂತು. ಬೇರೆ ಯಾವುದೋ ಮಾತಿಗೆ ಮಾಡಿದ್ದರು. ಮಾತಿನ ನಡುವೆ, ಬೆಳಿಗ್ಗೆ ಕುಲಗೋಡದ ಕಾಲುವೆ ಹತ್ತಿರದ ಗೋವಿನಜೋಳಕ್ಕೆ ಹುಳದ ಔಷಧ ಹೊಡೆಸಿ ಮುಗಿಸಿದೆವು ಎಂದರು. ಕಾಲುವೆಯ ಆಚೆ ಹೊಲಕ್ಕೆ ಹೊಡೆಯುವುದು ನನಗೂ ಬೀರಪ್ಪನಿಗೂ ಗೊತ್ತಿತ್ತು, ಹಿಂಡನ್ನು ಅದಕ್ಕೇ ಈಚೆ ಬಿಟ್ಟಿದ್ದ. ಆದರೆ ಹೊಲದ ಯಜಮಾನ ಹೇಗೂ ಯಂತ್ರ ಬಂದಿದೆ ಎಂದು ಈಚೆ ಇದ್ದ ತನ್ನ ಇನ್ನೊಂದು ಗೋವಿನಜೋಳದ ಪಟ್ಟಿಗೂ ಹೊಡೆಸಿದ್ದನಂತೆ. ನಾನು ತಲೆ ಎತ್ತಿ ನೋಡಿದೆ. ಆ ಪಟ್ಟಿ ನಮ್ಮ ಕಣ್ಣೆದುರೇ ಇತ್ತು. ಹಿಂಡಿನ ಮುಂದಿನ ಕುರಿಗಳು ಅದರ ಬೇಲಿಯ ಸಂದಿಗೆ ಮುಖ ಮಾಡಿ ಹೊರಟಿದ್ದವು.

ಔಷಧದ ಹಸಿ ಇನ್ನೂ ಆರದ ಗೋವಿನಜೋಳವನ್ನು ಹೊಟ್ಟೆ ತುಂಬ ತಿಂದ ಕುರಿ ಬದುಕುವುದು ಕಷ್ಟ. ಆ ಹಿಂಡೇ ಆ ಮನೆಯ ಬದುಕು. ವಿಷ ಹೊಡೆದದ್ದು ನಾನು ಕಲಿಸಿದ ಯಂತ್ರ, ಸಾಯಲು ಹೊರಟದ್ದು ನಾನು ನೋಡಿಕೊಳ್ಳುತ್ತಿದ್ದ ಹಿಂಡು.

"ಬೀರಪ್ಪಾ, ಕುರಿ ತಿರುವು, ವಿಷ ಐತಿ" ಎಂದು ಕಿರುಚಿದೆ. ಅವನಿಗೆ ಕೇಳಿತು. ಓಡುತ್ತಾ ತನ್ನ ಹೊಸ ಕೂಗು ಕೂಗಿದ. ಕುರಿಗಳು ಕಿವಿಗೇ ಹಾಕಿಕೊಳ್ಳಲಿಲ್ಲ. ಹಸಿರು ಕಂಡ ಕುರಿ ಯಾರ ಮಾತು ಕೇಳುತ್ತದೆ? ಅವನು ದೂರ ಇದ್ದ, ನಾವೂ ದೂರ ಇದ್ದೆವು, ಬೇಲಿ ಹತ್ತಿರ ಇತ್ತು. ಡ್ರೋನ್ ತೆಗೆದು, ಬ್ಯಾಟರಿ ಹಾಕಿ ಹಾರಿಸುವಷ್ಟು ಹೊತ್ತು ಯಾರ ಹತ್ತಿರ ಇತ್ತು? ನಾನು ಸತ್ತೆವ್ವನ ರಟ್ಟೆ ಹಿಡಿದು, "ಲಗಮಪ್ಪ ಕಾಕಾನ ಕೂಗು ಕೂಗ್ರಿ ಅವ್ವಾರ, ನಿಮಗ ಬರ್ತೈತೆಲ್ಲ, ಕೂಗ್ರಿ" ಎಂದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ಅಲ್ಲಾಡಿಸಿದಳು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಬದುಕು ಮುಳುಗುವುದನ್ನು ನೋಡುತ್ತಾ ನಿಂತಿದ್ದಳು, ಆದರೆ ಕೂಗಲಿಲ್ಲ.

ಹಾಗಾದರೆ ನಾನು ಕೂಗಿಸುತ್ತೇನೆ ಎಂದುಕೊಂಡೆ. ಪದ್ಧತಿ ಅವಳದು, ನನ್ನದಲ್ಲ. ಫೋನ್ ತೆಗೆದೆ. ಬಿಸಿಲಿಗೆ ಪರದೆ ಏನೂ ಕಾಣುತ್ತಿರಲಿಲ್ಲ. ಕೈ ಅಡ್ಡ ಹಿಡಿದು ಹುಡುಕಿ ಹುಡುಕಿ ಲಗಮಪ್ಪನ ಹೆಸರಿನ ಮುದ್ರಿಕೆ ತೆಗೆದೆ. ದನಿ ಪೂರ್ತಿ ಏರಿಸಿದೆ. ದೂರಕ್ಕೆ ಕೇಳಲಿ ಎಂದು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಹೆಬ್ಬೆರಳು ಪರದೆಯ ಹತ್ತಿರ ಹೋಯಿತು.

ಒತ್ತುವ ಮೊದಲೇ ಹಿಂಡು ನಿಂತಿತು.

ಇದನ್ನು ನಾನು ಎಷ್ಟು ಸಾದಾ ಹೇಳಲು ಸಾಧ್ಯವೋ ಅಷ್ಟು ಸಾದಾ ಹೇಳುತ್ತೇನೆ. ಮುಂದಿನ ಕುರಿಗಳು ಬೇಲಿಯ ಸಂದಿಗೆ ಮುಖ ಇಟ್ಟಿದ್ದವು. ನಿಂತವು. ಹಿಂದಿನವೂ ನಿಂತವು. ಎಲ್ಲವೂ ತಲೆ ಎತ್ತಿ ಕಾಲುವೆ ದಂಡೆಯ ಕಡೆ ನೋಡಿದವು. ನಾನಿದ್ದದ್ದು ಆ ಕಡೆ ಅಲ್ಲ. ಬೀರಪ್ಪನೂ ಆ ಕಡೆ ಇರಲಿಲ್ಲ. ದಂಡೆಯ ಮೇಲೆ ಒಂದು ಜಾಲಿಗಿಡ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಅವು ತಿರುಗಿ ನಡೆದವು. ಓಡಲಿಲ್ಲ. ಹೆದರಿದ ಕುರಿ ಓಡುವುದನ್ನು ನಾನು ಬಹಳ ನೋಡಿದ್ದೇನೆ, ಒಂದರ ಮೇಲೊಂದು ಬಿದ್ದು ಓಡುತ್ತವೆ. ಇವು ಕರೆದಲ್ಲಿಗೆ ಹೋಗುವ ಹಾಗೆ, ಸಣ್ಣಗೆ ಬ್ಯಾ ಎನ್ನುತ್ತಾ, ನಮ್ಮ ಕಡೆ ತಿರುಗಿಯೂ ನೋಡದೆ ದಂಡೆ ಏರಿದವು. ಜಾಲಿಗಿಡದ ಸುತ್ತ ಗುಂಪಾಗಿ ನಿಂತುಕೊಂಡವು.

ನನಗೆ ಏನೂ ಕೇಳಲಿಲ್ಲ. ಗಾಳಿ ಕೂಡ ಇರಲಿಲ್ಲ. ಎತ್ತಿದ ಕೈ ಹಾಗೇ ಇತ್ತು. ಇಳಿಸಿ ನೋಡಿದೆ, ಫೋನಿನ ಪರದೆ ಆರಿಹೋಗಿತ್ತು.

ಸತ್ತೆವ್ವ ನೆಲಕ್ಕೆ ಕುಸಿದು ಕೂತಿದ್ದಳು. ಕುರಿ ಉಳಿದವು ಎಂದು ಅವಳನ್ನು ತಬ್ಬಿಕೊಳ್ಳಲು ಹೋದೆ. ಅವಳು ನನ್ನ ಕೈ ಸರಿಸಿ, "ಮಣ್ಣಿಗಿಟ್ಟಿದ್ದನ್ನ ಯಾಕ ಹೊರಗ ತಗದಿ ತಂಗಿ?" ಎಂದಳು. ನಾನು ಹಚ್ಚಿಲ್ಲ ಎಂದೆ. "ನನ್ನ ಕಿವೀಲೆ ಕೇಳೇನಿ. ಅವ್ರ ಕೂಗ ನನಗ ಗೊತ್ತಾಗೂದಿಲ್ಲ?" ಎಂದಳು. ಅವಳಿಗೆ ಕೇಳಿತ್ತು. ಒಂದೇ ಮಾರು ಆಚೆ ನಿಂತಿದ್ದ ನನಗೆ ಕೇಳಿರಲಿಲ್ಲ. ಬೀರಪ್ಪ ಕೂಗುತ್ತಾ ಓಡಿ ಬರುತ್ತಿದ್ದವನು, ಅವನಿಗೆ ತನ್ನ ದನಿ ಬಿಟ್ಟು ಬೇರೇನೂ ಕೇಳಿಸಿಲ್ಲ. ಅವನು ಕಂಡದ್ದು ನಾನು ಫೋನ್ ಎತ್ತಿ ಹಿಡಿದದ್ದು, ಹಿಂಡು ತಿರುಗಿದ್ದು. ಅವನಿಗೆ ಅಷ್ಟೇ ಸಾಕಾಯಿತು.

ನನ್ನ ಪಾಡು ನೋಡಿ. ಇಂಥ ಅನುಭವ ಆದವರು ಊರಿಗೆಲ್ಲ ಹೇಳುತ್ತಾರೆ, ಊರು ನಗುತ್ತದೆ, "ಏನೋ ಭ್ರಮೆ" ಎನ್ನುತ್ತದೆ. ನನ್ನದು ತಿರುವುಮುರುವು. ಊರಿಗೆ ಇದರಲ್ಲಿ ವಿಚಿತ್ರವೇ ಕಾಣಲಿಲ್ಲ. ಡ್ರೋನಿನ ಮೇಡಮ್ಮಾರು ಫೋನಿನಲ್ಲಿ ಕೂಗು ಹಚ್ಚಿದರು, ಕುರಿ ತಿರುಗಿದವು. ಇದಕ್ಕಿಂತ ನೇರ ಮಾತು ಯಾವುದಿದೆ? ದೇವರು ದಿಂಡರು ಎನ್ನುವವರೂ ಅದನ್ನೇ ಹೇಳಿದರು, ವಿಜ್ಞಾನ ಓದಿದವರೂ ಅದನ್ನೇ ಹೇಳಿದರು. ಮೂಡಲಗಿಯ ಚಹಾದ ಅಂಗಡಿಯಲ್ಲಿ ನನ್ನನ್ನು ಕಂಡವರು, "ಛಲೋ ಯಾಳ್ಯಾಕ್ಕ ಒತ್ತಿದ್ರಿ ನೋಡ್ರಿ" ಎಂದು ಹೊಗಳುತ್ತಿದ್ದರು. ಒತ್ತಿಲ್ಲ ಎಂದರೆ, ನನ್ನದು ಬಹಳ ನಾಚಿಕೆಯ ಸ್ವಭಾವ ಎಂದುಕೊಂಡರು. ನನ್ನನ್ನು ನಾಚಿಕೆಯವಳು ಎಂದವರು ಜನ್ಮದಲ್ಲಿ ಅವರೇ ಮೊದಲು.

ದಸ್ತಗೀರಸಾಬರು ನನ್ನ ಒಳ್ಳೆಯದಕ್ಕೇ ಹೇಳಿದರು. "ಹೌದು ಅಂದ್ಬಿಡು ಬೇಟಿ. ನಾಕ ಮಂದಿ ಕುರಿಯವರು ಇನ್ನ ಬರ್ತಾರ. ಇಲ್ಲಂದ್ರ ಏನ್ ಹೇಳ್ತಿ, ದೆವ್ವ ಕರೀತು ಅಂತಿ?" ದೆವ್ವ ಕರೆಯಿತು ಎಂದು ನಾನು ಯಾವತ್ತೂ ಹೇಳಿಲ್ಲ. ನಾನು ಹೇಳುತ್ತಿರುವುದು ಇಷ್ಟೇ: ನಾನು ಒತ್ತಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರೆ. ಇಲ್ಲಿ ಯಾರಿಗೂ ಕೋಪ ಕೂಡ ಬರಲಿಲ್ಲ, ನಗುತ್ತಾ ತಲೆ ಆಡಿಸಿದರು. ನನಗೆ ಉರಿದುಹೋಗುತ್ತಿತ್ತು.

ನಾನು ಕೈಕಟ್ಟಿ ಕೂತವಳಲ್ಲ. ಔಷಧದ ವಾಸನೆಗೆ ಕುರಿ ತಿರುಗಿರಬಹುದೇ ಎಂದು ಯೋಚಿಸಿದೆ. ವಾಸನೆಗೆ ಹಿಮ್ಮೆಟ್ಟಿದ ಕುರಿ ನಾಲ್ಕು ಹೆಜ್ಜೆ ಸರಿದು ಪಕ್ಕದಲ್ಲಿ ಬಾಯಿ ಹಾಕುತ್ತದೆ, ದಂಡೆ ಏರಿ ಗುಂಪುಗೂಡುವುದಿಲ್ಲ. ಬೇರೆ ಕುರುಬರು ಯಾರಾದರೂ ಕೂಗಿರಬಹುದೇ? ಆ ದಿನ ಆ ಕಡೆ ಬೇರೆ ಹಿಂಡು ಇರಲಿಲ್ಲ, ಇದ್ದರೂ ಈ ಕುರಿಗಳು ಅವರ ಮಾತು ಕೇಳುವವಲ್ಲ. ನನಗೆ ಗೊತ್ತಿಲ್ಲದೆ ಹೆಬ್ಬೆರಳು ತಾಕಿತೇ? ತಾಕಿದ್ದರೆ ನನ್ನ ತಲೆಯ ಮೇಲೆ ಇದ್ದ ಫೋನಿನ ದನಿ ಎಲ್ಲರಿಗಿಂತ ಮೊದಲು ನನಗೆ ಕೇಳಬೇಕು. ಕುರಿಗಳೂ ದಂಡೆಯ ಕಡೆ ಅಲ್ಲ, ನನ್ನ ಕಡೆ ತಿರುಗಬೇಕು. ಅವು ಯಾಕೆ ದಂಡೆಗೆ ಹೋದವು ಎಂದು ಕೇಳಿದರೆ, ನಾನು ಒತ್ತಿದೆ ಎನ್ನುವವರು ಮಾತನ್ನು ಮಳೆ ಬೆಳೆಗೆ ತಿರುಗಿಸುತ್ತಾರೆ. ಮನುಷ್ಯರ ಸಾಕ್ಷಿ ನನಗೆ ಬೇಡ. ಮನುಷ್ಯರು ಕಾಣದ್ದನ್ನೂ ಕಂಡೆವು ಎನ್ನುತ್ತಾರೆ. ಆದರೆ ಕುರಿಗೆ ಹಸಿರು ಮೇವು ಬಾಯಿಗೆ ಬಂದಾಗ ಅದನ್ನು ಬಿಟ್ಟು ನಾಟಕ ಮಾಡುವ ಗರಜೇನಿದೆ?

ಸತ್ತೆವ್ವ ನನ್ನ ಜೊತೆ ಮಾತು ಬಿಟ್ಟಳು. ಬೀರಪ್ಪ ಡ್ರೋನಿನ ಮಾತೇ ಬಿಟ್ಟ. ಗಿರಾಕಿ ಹೋದದ್ದಕ್ಕೆ ನನಗೆ ಅಷ್ಟು ಬೇಸರವಾಗಲಿಲ್ಲ. ಮಾಡದ ಕೆಲಸಕ್ಕೆ ಆ ಹೆಂಗಸು ನನ್ನ ಮೇಲೆ ಮುನಿದಳಲ್ಲ ಎಂದು ಬಹಳ ನೋವಾಯಿತು. ನಾನು ಒತ್ತುವವಳೇ ಇದ್ದೆ ಎಂಬುದೂ ಸತ್ಯ. ಕುರಿಗಳು ನಿಲ್ಲುವುದು ಇನ್ನೊಂದು ಕ್ಷಣ ತಡವಾಗಿದ್ದರೆ ಒತ್ತುತ್ತಿದ್ದೆ, ಒತ್ತಿದೆ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಒತ್ತಿಲ್ಲದ್ದರಿಂದ ಒತ್ತಿಲ್ಲ ಎನ್ನುತ್ತಿದ್ದೇನೆ.

ಮಳೆಗಾಲ ಮುಗಿದು ಜೋಳ ಬಿತ್ತುವ ಹೊತ್ತಿಗೆ ಅವಳೇ ಹೇಳಿ ಕಳಿಸಿದಳು. ಹೋದೆ. ಮಾತಿಲ್ಲದೆ ಉಣ್ಣಲು ಹಾಕಿದಳು, ರೊಟ್ಟಿ, ಪುಂಡಿಪಲ್ಯ, ಮೇಲೆ ಕೆನೆಮೊಸರು. ಉಂಡು ಕೈ ತೊಳೆದ ಮೇಲೆ ಎದುರು ಬಂದು ಕೂತಳು. ಬಹಳ ಇಳಿದುಹೋಗಿದ್ದಳು.

"ಆವತ್ತ ನಾನ ಹಚ್ಚಿದ್ನಿ ಅಂತ ಒಂದ ಮಾತ ಅನ್ನು. ನಾ ಏನೂ ಅನ್ನೂದಿಲ್ಲ" ಎಂದಳು.

ಅವಳು ಮುಂದೆ ಹೇಳಿದಳು. "ನೀ ಹಚ್ಚೀ ಅಂದ್ರ ಅದು ಯಂತ್ರದ ದನಿ, ಹೋಗ್ಲಿ. ನೀ ಹಚ್ಚಿಲ್ಲಂದ್ರ ಅವ್ರಿನ್ನೂ ಬಿಸಲಾಗ ಕುರಿ ಹಿಂದ ತಿರಗಾಕತ್ತಾರ ಅಂದಂಗಾತು. ಬದುಕಿದ್ದಾಗೂ ಒಂದಿನ ಕುಂತವ್ರಲ್ಲ. ಈಗರ ಕುಂದ್ರಬ್ಯಾಡೇನು? ನನಗ ನಿದ್ದಿ ಹತ್ತವಲ್ದು ತಂಗಿ."

ಈವರೆಗೆ ನನ್ನಿಂದ ಆ ಮಾತು ಹೊರಡಿಸಲು ನೋಡಿದವರ ಮೇಲೆಲ್ಲ ನನಗೆ ಸಿಟ್ಟಿತ್ತು. ಇವಳ ಮೇಲೆ ಬರಲಿಲ್ಲ. ಒಂದು ಮಾತು ಅಂದರೆ ಅವಳಿಗೆ ನಿದ್ದೆ, ನನಗೆ ಹಳೆಯ ಸ್ನೇಹ, ಇಬ್ಬರಿಗೂ ಒಳ್ಳೆಯದು. ಅನ್ನಬೇಕಾಗಿತ್ತು ಎಂದು ನಮ್ಮ ಅವ್ವ ಇಂದಿಗೂ ಬೈಯುತ್ತಾಳೆ. ಮಾತು ತುಟಿಯವರೆಗೆ ಬಂದಿತ್ತು ಕೂಡ. ಆದರೆ ಈ ಹೆಂಗಸು ಹಿಂಡು ಸಾಯುತ್ತಿದ್ದರೂ ತನಗೆ ಸರಿ ಕಂಡದ್ದನ್ನು ಬಿಡದೆ ಸೆರಗು ಬಾಯಿಗೊತ್ತಿ ನಿಂತವಳು. ಅಂಥವಳ ಕೈಗೆ ಸುಳ್ಳು ಕೊಡಲು ನನಗೆ ಮನಸ್ಸಾಗಲಿಲ್ಲ.

"ನಾ ಹಚ್ಚಿಲ್ಲ ಅವ್ವಾರ" ಎಂದೆ.

"ಆಣಿ ಮಾಡ್ತಿ?"

"ಅಲ್ಲಾನ ಆಣಿ. ನಾ ಹಚ್ಚಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ನಂಬಿದಳು ಎಂದು ನನಗೆ ಗೊತ್ತಾಯಿತು. ಅಷ್ಟು ದಿನಗಳಲ್ಲಿ ನನ್ನನ್ನು ನಂಬಿದವಳು ಅವಳೊಬ್ಬಳೇ, ಅದೂ ತನ್ನ ನೆಮ್ಮದಿ ಕಳೆದುಕೊಂಡು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ನಡೆದಳು. ನಾನೂ ಹಿಂದೆ ಹೋದೆ.

ಹಿಂಡು ಮನೆಯ ಹಿಂದಿನ ಬಯಲಿನಲ್ಲಿ ಚದುರಿ ಮೇಯುತ್ತಿತ್ತು. ಬೀರಪ್ಪ ಅವುಗಳ ಹತ್ತಿರ ಕೂತಿದ್ದ. ಸತ್ತೆವ್ವ ಬಯಲಿನ ಅಂಚಿಗೆ ನಿಂತು ಗಂಡನ ಕೂಗನ್ನು ಕೂಗಿದಳು. ಮೊದಲ ಸಲ ದನಿ ಒಡೆಯಿತು. ಎರಡನೇ ಸಲ ಹುರ್ರ್ ಎಂದು ಶುರುವಾಗಿ, ಮೇಲೇರಿ, ಹೋ ಎಂದು ಇಳಿಯಿತು. ಬೀರಪ್ಪ ದಡಬಡಿಸಿ ಎದ್ದು ನಿಂತ. ಕುರಿಗಳು ತಲೆ ಎತ್ತಿದವು, ಮತ್ತೆ ಅವಳ ಕಡೆಗೆ ನಡೆದು ಬಂದವು. ಬಂದು ಅವಳ ಸೀರೆಗೆ ಮೂತಿ ತಿಕ್ಕುತ್ತಾ ಸುತ್ತಲೂ ನಿಂತವು.

ಅವಳು ಕುರಿಗಳನ್ನು ನೋಡಲಿಲ್ಲ. ಕಾಲುವೆಯ ಕಡೆ ನೋಡುತ್ತಾ, ಮನೆಯಲ್ಲಿ ಗಂಡನ ಹತ್ತಿರ ಮಾತಾಡುವಂಥ ದನಿಯಲ್ಲೇ ಹೇಳಿದಳು.

"ಕೇಳಿದ್ರಿಲ್ಲ? ನನ್ನ ಮಾತೂ ಕೇಳ್ತಾವ. ಇನ್ನ ನಾ ನೋಡ್ಕೋತೇನಿ. ನೀವು ಕುಂದರ್ರಿ."

ಅಲ್ಲಿ ಯಾರಿದ್ದರು, ಅವಳು ಹೇಳಿದ್ದು ಯಾರಿಗೆ ಕೇಳಿತು ಎಂದು ನನ್ನನ್ನು ಕೇಳಬೇಡಿ. ನನಗೆ ಆ ದಿನವೂ ಅವಳ ದನಿ ಬಿಟ್ಟು ಬೇರೇನೂ ಕೇಳಲಿಲ್ಲ. ಸತ್ತೆವ್ವ ಮಾತ್ರ ಸ್ವಲ್ಪ ಹೊತ್ತು ತಲೆ ಓರೆ ಮಾಡಿ ನಿಂತಿದ್ದಳು. ಆಮೇಲೆ ಹೂಂ ಎಂದು, ಹಿಂಡನ್ನು ಮುಂದೆ ಮಾಡಿಕೊಂಡು ಹೊರಟಳು.